ಹಗ್ಗ ಬಿಚ್ಚಿದ ಕೈ

ಜಮಖಂಡಿ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದಾಗಿನಿಂದ ನನಗೆ ತಲೆನೋವು ತಂದ ಶಬ್ದವೊಂದಿದೆ. ಅದು ‘ಬರೇ’. ನನ್ನ ಕಕ್ಷಿದಾರರು ಬಾಯಿ ತೆರೆದರೆ ಮೊದಲು ಬರುವುದೇ ಅದು. ‘ನಾ ಏನೂ ಮಾಡಿಲ್ರಿ ಅಕ್ಕಾರ, ಬರೇ ಗಾಡಿ ಕೊಟ್ಟೇನಿ.’ ‘ನಾ ಒಳಗ ಕಾಲ ಸೈತ ಇಟ್ಟಿಲ್ರಿ, ಬರೇ ಬಾಗಲಾ ಕಾಯ್ಕೋತ ನಿಂತಿದ್ನಿ.’ ‘ಬಡದಾಂವ ಅಂವಾ ರೀ, ನಾ ಬರೇ ಹಿಡ್ಕೊಂಡಿದ್ನಿ.’ ಹಿಡಿದುಕೊಂಡಿದ್ದು ಯಾರನ್ನಪ್ಪಾ ಎಂದು ಕೇಳಿದರೆ, ಏಟು ತಿಂದವನನ್ನೇ!

ಒಮ್ಮೆ ಬನಹಟ್ಟಿಯಿಂದ ಒಬ್ಬ ಹಿರಿಯ ಬಂದಿದ್ದ. ಅವನ ಅಳಿಯ ಮಗ್ಗ ಓಡಿಸಲು ಕಂಬ ಹತ್ತಿ ಕಳ್ಳ ಕರೆಂಟು ಎಳೆದಿದ್ದ. ಇವನು ಕೆಳಗೆ ನಿಂತು ಏಣಿ ಹಿಡಿದಿದ್ದ. ‘ನಾ ಬರೇ ಏಣಿ ಹಿಡದಿದ್ನಿರೀ ಅಕ್ಕಾರ. ಹಿಡೀಲಿಲ್ಲಂದ್ರ ಅಂವಾ ಬಿದ್ದು ಸಾಯ್ತಿದ್ದ. ನಮ್ಮ ಹುಡುಗಿ ಕುಂಕುಮ ಉಳಿಸೀನಿ ನಾ. ಇದಕ್ಕ ಕೇಸ್ ಹಾಕ್ತಾರ ಅಂದ್ರ ಇದು ಯಾವ ನ್ಯಾಯರೀ?’ ನನಗೆ ಎಷ್ಟು ನಗು ಬಂತೆಂದರೆ, ಮುಖದ ಮುಂದೆ ಫೈಲು ಹಿಡಿದುಕೊಳ್ಳಬೇಕಾಯಿತು. ಆಮೇಲೆ ಅವನಿಗೆ ಸಮಾಧಾನವಾಗಿ ತಿಳಿಸಿ ಹೇಳಿದೆ: ಇದು ತಪ್ಪು ಕೆಲಸ ಎಂದು ಗೊತ್ತಿದ್ದೂ ಕೈ ಕೊಟ್ಟರೆ ಅದಕ್ಕೆ ಕುಮ್ಮಕ್ಕು ಅನ್ನುತ್ತಾರೆ, ಮಾಡಿದವನ ಪಕ್ಕದಲ್ಲೇ ಕೈ ಕೊಟ್ಟವನನ್ನೂ ನಿಲ್ಲಿಸುತ್ತಾರೆ. ಅವನು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ‘ಆದ್ರೂ ನಾ ಬರೇ ಏಣಿ...’ ಎಂದ. ನನಗೆ ಪಿತ್ತ ನೆತ್ತಿಗೇರಿತು.

ಹೀಗೆ ಊರವರ ‘ಬರೇ’ ಕೇಳಿ ಕೇಳಿ ಸಾಕಾಗಿದ್ದ ನನಗೆ, ಒಂದು ದಿನ ಮಧ್ಯಾಹ್ನ ಕೋರ್ಟಿನ ಹುಣಸೆಮರದ ಕೆಳಗೆ ಚಹಾ ಕುಡಿಯುತ್ತಿದ್ದಾಗ ನನ್ನ ಸ್ವಂತ ಸೋದರಮಾವನ ಫೋನು ಬಂತು. ಮಾಮಾ ಇರುವುದು ಮುಧೋಳ ತಾಲೂಕಿನ ರನ್ನ ಬೆಳಗಲಿಯಲ್ಲಿ. ಕಬ್ಬು, ಅರಿಶಿನ ಬೆಳೆಯುವ ಮನುಷ್ಯ. ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕುವವನಲ್ಲ.

‘ಅವ್ವಿ, ಕೋರ್ಟಿನ್ಯಾಗ ಅದಿಯೇನು?’

‘ಅದೇನಿ. ಯಾಕ ಮಾಮಾ?’

‘ಏನಿಲ್ಲವಾ. ಅರಣ್ಯ ಇಲಾಖೆದವ್ರು ಮನಿಗೆ ಬಂದು ಹೋದ್ರು. ನಾಳಿ ಮುಂಜಾನೆ ಬೀಳಗಿ ಕಡೆ ಅವರ ಕಚೇರಿಗೆ ಬಾ ಅಂದಾರ. ನಾಯೀನೂ ಕರಕೊಂಡ ಬಾ ಅಂದಾರ.’

‘ಅಯ್ಯ ಶಿವನ! ಏನ ಮಾಡಿಕೊಂಡಿ?’

‘ಏನೂ ಮಾಡಿಲ್ಲವಾ. ಬರೇ ಹಗ್ಗಾ ಬಿಚ್ಚೇನಿ.’

ಚಹಾ ಅಲ್ಲೇ ಬಿಟ್ಟು ಎದ್ದೆ. 

ಹಗ್ಗ ಎಂದರೆ ಯಾವ ಹಗ್ಗ ಎಂದು ನಾನು ಕೇಳಬೇಕಾಗಿರಲಿಲ್ಲ. ಮಾಮಾನ ಮನೆಯಲ್ಲಿ ಮೂರು ತಲೆಮಾರಿನಿಂದ ಮುಧೋಳ ನಾಯಿ ಸಾಕುತ್ತಾರೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೂತಿ. ನಿಂತಾಗ ಬಡಕಲಾಗಿ ಕಂಡರೂ ಓಡಲು ಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ. ಈಗಿರುವುದು ಕೆನೆ ಬಣ್ಣದ ಹೆಣ್ಣು ನಾಯಿ. ಮಾಮಾನಿಗೂ ಅವನ ಹೆಂಡತಿ, ನಮ್ಮ ಅತ್ತಿಗೂ ಮಕ್ಕಳಿಲ್ಲ. ಹಾಗಾಗಿ ಅತ್ತಿ ಅದನ್ನು ‘ಮಗಳ’ ಎಂದೇ ಕರೆಯುತ್ತಾಳೆ. ಮುಂಜಾನೆ ಮೊದಲ ರೊಟ್ಟಿ ಹಾಲಲ್ಲಿ ಕಿವುಚಿ ಅದಕ್ಕೆ, ಎರಡನೆಯದು ಮಾಮಾಗೆ. ಮಾಮಾ ಇದರ ಬಗ್ಗೆ ತಕರಾರು ಮಾಡಿದ್ದನ್ನು ನಾನು ನೋಡಿಲ್ಲ. ಚಿಕ್ಕಂದಿನಿಂದ ಆ ಮನೆಯಲ್ಲಿ ಬೆಳೆದ ನನ್ನನ್ನೂ ಅತ್ತಿ ಮಗಳ ಎಂದೇ ಕರೆಯುವುದು. ಆದರೆ ನನಗೆ ಮೊದಲ ರೊಟ್ಟಿ ಸಿಕ್ಕಿದ್ದು ನೆನಪಿಲ್ಲ.

ಇನ್ನು ಆ ಕಡೆಯ ಒಂದು ಪದ್ಧತಿ ಹೇಳಬೇಕು. ಯುಗಾದಿಯ ಮರುದಿನಕ್ಕೆ ನಮ್ಮಲ್ಲಿ ಕರಿ ಅನ್ನುತ್ತಾರೆ. ಕರಿಯ ದಿನ ಊರಿನ ಗಂಡಸರು ತಮಟೆಯಂಥ ಹಲಗೆ ಬಡಿಯುತ್ತ ಕುರುಚಲು ಗುಡ್ಡದ ಕಡೆ ಮೊಲದ ಬೇಟೆಗೆ ಹೋಗುವುದು ಮೊದಲಿನಿಂದ ಬಂದದ್ದು. ಕಾಯ್ದೆ ಬಂದು ಎಷ್ಟೋ ಕಾಲವಾದರೂ ಕದ್ದು ಮುಚ್ಚಿ ಹೋಗುತ್ತಾರೆ. ಹೋಗುವ ಮುಂಚೆ ನಾಯಿ ಇದ್ದವರ ಮನೆಗೆ ಬಂದು ನಾಯಿ ಕೇಳುತ್ತಾರೆ. ಸಿಕ್ಕಿದ್ದನ್ನು ಹಂಚಿಕೊಳ್ಳುವಾಗ ನಾಯಿಯ ಹೆಸರಿನಲ್ಲಿ ಒಂದು ಪಾಲು ತೆಗೆದು ಅದರ ಯಜಮಾನನಿಗೆ ಮುಟ್ಟಿಸಬೇಕು. ಅದಕ್ಕೆ ನಾಯಿಪಾಲು ಎಂದು ಹೆಸರು. ಮಾಮಾನ ಮನೆಯಲ್ಲಿ ಮಾಂಸ ಹೊಸ್ತಿಲು ದಾಟುವ ಹಾಗಿಲ್ಲವಲ್ಲ! ಹಾಗಂತ ನಾಯಿಯ ಮರ್ಯಾದೆ ಕಡಿಮೆ ಮಾಡಲು ಬರುತ್ತದೆಯೇ? ಅದಕ್ಕೇ ಹಿಂದಿನವರು ಒಂದು ದಾರಿ ಕಂಡುಕೊಂಡಿದ್ದರು. ಈ ಮನೆಗೆ ನಾಯಿಪಾಲು ಎಂದರೆ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಎಲೆ ಅಡಿಕೆ. ಹಲಗೆ ಬಡಿಯುತ್ತ ತಂದು, ಯಜಮಾನನ ತಲೆಗೆ ರುಮಾಲು ಸುತ್ತಿ, ಕೈಗೆ ಕೊಟ್ಟು ಹೋಗುವುದು. ಮೊಲದ ರುಚಿಯನ್ನೇ ಅರಿಯದ ಮಾಮಾ ವರ್ಷವಿಡೀ ಕಾಯುವುದು ಆ ತೆಂಗಿನಕಾಯಿಗೆ.

ಆ ವರ್ಷವೂ ಕೇಳಿದರು, ಮಾಮಾ ಹಗ್ಗ ಬಿಚ್ಚಿದ. ನಾಯಿ ಗುಡ್ಡಕ್ಕೆ ಹೋಯಿತು, ಮೊಲ ಹಿಡಿಯಿತು. ಆದರೆ ಬೀಳಗಿ ಕಡೆಯವನೊಬ್ಬ ತನ್ನ ನಾಯಿಯೇ ಹಿಡಿದದ್ದೆಂದು ತಕರಾರು ತೆಗೆದ. ಆ ಮಾತು ಮಾಮಾನ ಕಿವಿಗೆ ಬಿದ್ದಿತ್ತು. ಸಂಜೆ ಪಾಲು ತಂದವರು ಮೊಬೈಲು ಮುಂದೆ ಹಿಡಿದು ‘ಕಾಕಾ, ಎರಡ ಮಾತ ಆಡ್ರಿ’ ಎಂದಾಗ ಮಾಮಾ ಎರಡಕ್ಕೆ ನಿಲ್ಲಲಿಲ್ಲ. ಆ ವಿಡಿಯೊ ಊರೂರ ವಾಟ್ಸಾಪ್ ಸುತ್ತಿ, ಬೀಳಗಿ ಮುಟ್ಟಿ, ಅಲ್ಲಿಂದ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರ ಫೋನಿಗೆ ಬಂದು ಕೂತಿತ್ತು.

ಕೋರ್ಟು ಮುಗಿಸಿ ನಾನು ಬೆಳಗಲಿ ಸೇರಿದಾಗ ಅತ್ತಿ ಅದೇ ವಿಡಿಯೊ ತೋರಿಸಿದಳು. ರುಮಾಲು ಸುತ್ತಿಕೊಂಡ ಮಾಮಾ, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈ ನಾಯಿಯ ಬೆನ್ನ ಮೇಲೆ. ‘ನಾಯಿ ನಂದು. ಮೊಲದ ಬ್ಯಾಟಿಗೆ ಅಂತನ ಕೇಳಿದ್ರು, ಮೊಲದ ಬ್ಯಾಟಿಗೆ ಅಂತನ ಕೊಟ್ಟೇನಿ. ಹಗ್ಗಾ ಈ ಕೈಲೆ ಬಿಚ್ಚೇನಿ. ಹಿಡದಾಕಿ ನನ್ನ ಮಗಳು. ಬ್ಯಾರೆ ಯಾರರೆ ತಮ್ಮ ನಾಯಿ ಹಿಡದೈತಿ ಅಂದ್ರ ನನ್ನ ಮುಂದ ಬಂದು ಅನ್ರಿ!’ ಹಿಂದೆ ಹಲಗೆ, ಶಿಳ್ಳೆ.

ನಾನು ಹಣೆ ಹಣೆ ಬಡಿದುಕೊಂಡೆ. ಕೊಟ್ಟಿದ್ದು ಯಾರು, ಏನು ಕೊಟ್ಟರು, ಯಾತಕ್ಕೆಂದು ಗೊತ್ತಿತ್ತೋ ಇಲ್ಲವೋ: ಕುಮ್ಮಕ್ಕಿನ ಕೇಸಿನಲ್ಲಿ ಪೊಲೀಸರು ತಿಂಗಳುಗಟ್ಟಲೆ ಒದ್ದಾಡಿ ಸಾಬೀತು ಮಾಡುವುದನ್ನೆಲ್ಲ ಈ ಮನುಷ್ಯ ಒಂದೇ ಉಸಿರಿನಲ್ಲಿ, ಅದೂ ರುಮಾಲು ಕಟ್ಟಿಕೊಂಡು ಒಪ್ಪಿಕೊಂಡಿದ್ದ.

‘ಮಾಮಾ, ಮೊಲಾ ಬೆನ್ನ ಹತ್ತಿಸಿದ್ರೂ ಬ್ಯಾಟಿನ. ಅದಕ್ಕ ಸಹಾಯ ಮಾಡಿದಾಂವಗೂ ಬ್ಯಾಟಿ ಆಡಿದಾಂವನಷ್ಟ ಶಿಕ್ಷಾ. ಗೊತ್ತಿತ್ತಿಲ್ಲೊ ನಿನಗ?’

‘ಗೊತ್ತಿತ್ತು. ಆದ್ರ ನಾ ಗುಡ್ಡಕ್ಕ ಹೋಗಿಲ್ಲ, ಮೊಲಾ ನೋಡಿಲ್ಲ, ತಿಂದಿಲ್ಲ. ಕಾಯಿ ತಗೊಂಡೇನಿ. ಕಾಯಿ ತಗೊಳ್ಳೂದೂ ಗುನ್ಹೆ ಏನ?’

‘ಅದರಕಿಂತ ಬ್ಯಾರೆ ಸಾಕ್ಷಿ ಯಾಕ ಬೇಕೋ ಮಾರಾಯಾ!’

ನನ್ನ ಸಿಟ್ಟು ಮಾಮಾಗೆ ತಾಕಲಿಲ್ಲ. ತಾಕಿದ್ದು ಇನ್ನೊಂದು ಮಾತು. ಬೇಟೆಗೆ ಬಳಸಿದ ಬಲೆ, ಬಂದೂಕು, ಗಾಡಿ, ಸಲಕರಣೆಗಳನ್ನು ಇಲಾಖೆ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ನಾಯಿ ತರಲು ಹೇಳಿದ್ದು ಅದಕ್ಕೇ ಇರಬಹುದು ಎಂದೆ. ಮಾಮಾನ ಮುಖ ಸಪ್ಪಗಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಕೈ ನಿಂತಿತು. ನಾಯಿ ಮಾತ್ರ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿತ್ತು.

ಅತ್ತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ‘ಮಗಳ, ನೀ ಅವರಿಗೆ ಹೇಳು. ಇವರನ್ನ ಬೇಕಾದ್ರ ಇಟಗೋಳ್ಳಿ. ನಾಯಿ ಕೊಡಾಂಗಿಲ್ಲ.’

‘ಇವರನ್ನ ಇಟಗೊಂಡು ಅವರೇನ ಮಾಡ್ತಾರತ್ತಿ?’

‘ನಾ ಏನ ಮಾಡಾಕತ್ತೇನಿ ಇಷ್ಟ ವರ್ಸ? ಅವರೂ ಹಂಗ ಮಾಡ್ಲಿ!’

ಮಾಮಾ ನಗಲಿಲ್ಲ. ನಾನು ನಕ್ಕೆ. ಆದರೂ ಮಕ್ಕಳಿಲ್ಲದ ಆ ಮನೆಯಲ್ಲಿ ಆ ನಾಯಿ ಇಲ್ಲದ ಮುಂಜಾನೆ ಹೇಗಿರುತ್ತದೆ ಎಂದು ನೆನೆಸಿಕೊಂಡರೇ ನನಗೆ ಸಂಕಟವಾಯಿತು.

ಮರುದಿನ ಮುಂಜಾನೆ ಹೊರಡುವ ಹೊತ್ತಿಗೆ ಹಿತ್ತಲಲ್ಲಿ ಅತ್ತಿ ಕುಡುಗೋಲು ಹಿಡಿದು ಏನೋ ಮಾಡುತ್ತಿದ್ದಳು. ಹೋಗಿ ನೋಡಿದರೆ, ನಾಯಿ ಕಟ್ಟುವ ಹಳೆಯ ಹಗ್ಗವನ್ನು ನಡುವೆ ಕೊಯ್ದು, ಎಳೆ ಎಳೆ ಬಿಡಿಸಿ, ಹರಿದ ಹಾಗೆ ಮಾಡುತ್ತಿದ್ದಳು.

‘ಇದೇನತ್ತಿ?’

‘ನಾಯಿ ಹಗ್ಗಾ ಹರಕೊಂಡು ತಾನ ಹೋತು ಅಂತ ಹೇಳೂದು. ಇವರು ಬಿಚ್ಚೇ ಇಲ್ಲ.’

‘ವಿಡಿಯೊದಾಗ ಬಾಯಿ ಬಿಟ್ಟು ಹೇಳ್ಯಾನಲ್ಲ!’

‘ಅದು ಬಡಾಯಿ. ಇವರು ಬಡಾಯಿ ಕೊಚ್ಚತಾರ ಅಂತ ಊರಿಗೇ ಗೊತ್ತೈತಿ. ಕೇಳ್ಲಿ ಬೇಕಾದ್ರ, ನಾನ ಸಾಕ್ಷಿ ಹೇಳ್ತೇನಿ.’

‘ಅತ್ತಿ, ಕೈ ಮುಗೀತೇನಿ. ಸುಳ್ಳ ಸಾಕ್ಷಿ ಹುಟ್ಟಿಸೂದು ಮತ್ತೊಂದು ಗುನ್ಹೆ. ಅದಕ್ಕ ನಾ ಕೂಡಾಂಗಿಲ್ಲ.’

‘ನಾ ಎಲ್ಲಿ ಸಾಕ್ಷಿ ಹುಟ್ಟಿಸಾಕತ್ತೇನಿ? ಬರೇ ಹಗ್ಗಾ ಕೊಯ್ಯಾಕತ್ತೇನಿ.’

ಮತ್ತೆ ‘ಬರೇ’! ಈ ಶಬ್ದ ನಮ್ಮ ವಂಶದಲ್ಲೇ ಇದೆ ಎಂದು ನನಗೆ ಅಂದು ಖಾತ್ರಿಯಾಯಿತು. ಆ ಹಗ್ಗವನ್ನು ಅಲ್ಲೇ ಬಿಸಾಡಿಸಿ, ಹೊಸ ಹಗ್ಗ ಕಟ್ಟಿಸಿ, ನಾಯಿಯನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅತ್ತಿಯ ಪಕ್ಕ ಕೂಡಿಸಿ ಹೊರಟೆ. ಮಾಮಾ ಮುಂದೆ ಕೂತಿದ್ದ. ಹಿಂದೆ ಅತ್ತಿ ನಾಯಿಗೆ ‘ಹೆದರಬ್ಯಾಡ ಮಗಳ’ ಎನ್ನುತ್ತಿದ್ದಳು. ನಾಯಿ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಗಾಳಿ ಕುಡಿಯುತ್ತಿತ್ತು.

ಕಚೇರಿಯ ಅಧಿಕಾರಿ ಬನಹಟ್ಟಿಯ ನೇಕಾರ ಮನೆತನದವರು. ಮಾತು ಮೃದು. ಕರಿ ಎಂದರೇನು, ನಾಯಿಪಾಲು ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಮಾನನ್ನೂ ಅತ್ತಿಯನ್ನೂ ಕುರ್ಚಿಯಲ್ಲಿ ಕೂಡಿಸಿ ನೀರು ಕೊಡಿಸಿದರು. ನಾಯಿ ಮಾಮಾನ ಕಾಲ ಬಳಿ ಮಲಗಿತು.

‘ವಕೀಲ್ರ, ನನ್ನ ತೊಂದರಿ ಸ್ವಲ್ಪ ಕೇಳ್ರಿ,’ ಎಂದು ಅವರು ಬೇಟೆಗೆ ಹೋದವರು ಹಿಂದಿನ ದಿನ ಕೊಟ್ಟ ಹೇಳಿಕೆಗಳನ್ನು ಹೇಳತೊಡಗಿದರು. ಮುಂದಾಳು ಹೇಳಿದ್ದ: ನಾ ಬರೇ ದಾರಿ ತೋರಿಸೀನಿ. ಹಲಗೆಯವನು: ನಾ ಬರೇ ಹಲಗಿ ಬಡದೇನಿ, ಮೊಲಾ ತಾನ ಎದ್ದು ಓಡ್ತು. ಓಡಿದವರು: ನಾವು ಬರೇ ನಾಯಿ ಹಿಂದ ಓಡೇವಿ. ಬೇಯಿಸಿದವನು: ನಾ ಬರೇ ಒಲಿ ಹೊತ್ತಿಸೀನಿ. ಮೊಲ ಹಿಡಿದದ್ದು ಯಾರು ಎಂದರೆ ಎಲ್ಲರದ್ದೂ ಒಂದೇ ಉತ್ತರ, ‘ನಾಯಿ ರೀ.’

ನನಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಯೂ ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದರು: ‘ಈಗ ನಾಯಿ ಬ್ಯಾಟಿ ಸಲಕರಣಿ ಅಂತ ನಾ ವಶಕ್ಕ ತಗೋಬೇಕೋ ಬ್ಯಾಡೋ? ಏನ ಹೇಳ್ತೀರಿ?’

ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾದ ಶುರು ಮಾಡಿದೆ. ಬಲೆಗೆ ಜೀವವಿಲ್ಲ, ಬಂದೂಕಿಗೆ ಮನಸ್ಸಿಲ್ಲ. ನಾಯಿಗೆ ಎರಡೂ ಇವೆ, ಆದ್ದರಿಂದ ನಾಯಿಯನ್ನು ಸಲಕರಣೆ ಅನ್ನಲು ಬರುವುದಿಲ್ಲ ಎಂದೆ. ಇನ್ನೂ ಮುಂದೆ ಹೇಳುವುದಿತ್ತು. ಅಷ್ಟರಲ್ಲಿ ಅತ್ತಿ ತನ್ನ ಚೀಲಕ್ಕೆ ಕೈ ಹಾಕಿ, ನಾನು ಹಿತ್ತಲಲ್ಲಿ ಬಿಸಾಡಿಸಿದ್ದ ಅದೇ ಹಗ್ಗ ತೆಗೆದು ಮೇಜಿನ ಮೇಲೆ ಇಟ್ಟಳು.

‘ಖರೇ ಮಾತ ಹೇಳ್ತಾಳ್ರೀ ನಮ್ಮ ಹುಡುಗಿ. ನಾಯಿಗೆ ಮನಸ ಐತಿ. ತನ್ನ ಮನಸಿಲೆ ಹಗ್ಗಾ ಹರಕೊಂಡು ಹೋಗೇತಿ. ಇವರು ಬಿಚ್ಚಿಲ್ಲ. ಇವರದ್ದು ಬರೇ ಬಡಾಯಿ ರೀ, ಲಗ್ನ ಆದಾಗಿಂದ ನೋಡಾಕತ್ತೇನಿ.’

ಅಧಿಕಾರಿ ಹಗ್ಗವನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು. ಅದು ಕುಡುಗೋಲಿನ ಕೆಲಸ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ನೂಲಿನ ಮನೆತನದಲ್ಲಿ ಹುಟ್ಟಿದ ಮನುಷ್ಯ. ಆದರೂ ಅವರು ಅತ್ತಿಯ ಮಾನ ತೆಗೆಯಲಿಲ್ಲ. ಮಾಮಾನ ಕಡೆ ತಿರುಗಿ, ‘ಕಾಕಾರ, ಇದು ಖರೆ ಏನು?’ ಎಂದು ಕೇಳಿದರು.

ಮಾಮಾ ತಲೆ ತಗ್ಗಿಸಿದ. ಊರ ಮುಂದೆ ಬಡಾಯಿಗಾರ ಎನಿಸಿಕೊಳ್ಳುವುದು ಅವನಿಗೆ ಎಂಥ ಕಷ್ಟ ಎಂದು ನನಗೆ ಗೊತ್ತು. ಆದರೆ ನಾಯಿಗಾಗಿ ಅದನ್ನೂ ನುಂಗಿಕೊಂಡು ಸುಮ್ಮನೆ ಕೂತ. ನಾನು ವಕೀಲಳು, ಸುಳ್ಳಿಗೆ ಹೂಂ ಅನ್ನಲಾರೆ; ಸೋದರ ಸೊಸಿ, ಅಲ್ಲ ಅನ್ನಲೂ ನಾಲಿಗೆ ಏಳಲಿಲ್ಲ. 

‘ಹಂಗಿದ್ರ ಮಾತ ಬ್ಯಾರೆನ ಆತು,’ ಎಂದರು ಅಧಿಕಾರಿ, ನಿಧಾನವಾಗಿ. ‘ಕಾಕಾರು ಬಿಚ್ಚಿಲ್ಲ ಅಂದ್ರ ಅವರ ಮ್ಯಾಲ ಏನೂ ಇಲ್ಲ. ಅವರು ಆರಾಮ ಮನಿಗೆ ಹೋಗಬಹುದು. ಆದ್ರ ಹಗ್ಗಾ ಹರಕೊಂಡು ತಾನ ಗುಡ್ಡಕ್ಕ ಹೋಗಿ ಮೊಲಾ ಹಿಡಿಯೂ ನಾಯಿ ಅಂದ್ರ, ಇದಕ್ಕ ರೂಢಿ ಬಿದ್ದೈತಿ. ಯಾರ ಮಾತೂ ಕೇಳದ ನಾಯಿನ ನಾ ಹೆಂಗ ಊರಾಗ ಬಿಡ್ಲಿ? ನಾಳೆ ಚಿಂಕಾರಾ ಜಿಂಕಿ ಮರಿ ಹಿಡದ್ರ? ಇದನ್ನ ಬ್ಯಾರೆ ಕಡೆ ಇಡಬೇಕಾಗ್ತೈತಿ.’

ಅತ್ತಿ ‘ಎವ್ವಾ!’ ಎಂದಳು. ಅವಳು ಗಂಡನನ್ನು ಬಿಡಿಸಿ, ಮಗಳನ್ನು ಹಿಡಿದುಕೊಟ್ಟಿದ್ದಳು.

ದಾರಿ ತೋರಿಸಿದವನು, ಹಲಗೆ ಬಡಿದವನು, ಓಡಿದವರು, ಒಲೆ ಹೊತ್ತಿಸಿದವನು, ಈಗ ಮಾಮಾ, ಎಲ್ಲರೂ ಪಾರು. ಅಷ್ಟೂ ಜನರ ತಪ್ಪು ಕಾಲ ಬಳಿ ಮಲಗಿದ್ದ ಆ ಮೂಕಪ್ರಾಣಿಯ ಮೇಲೆ ಬಂದು ಬಿದ್ದಿತ್ತು. ನನಗೆ ನಮ್ಮೆಲ್ಲರ ಮೇಲೂ ಅಸಹ್ಯವಾಯಿತು. ನಾಯಿ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿತು. ‘ಬರೇ’ ಅನ್ನಲು ಅದಕ್ಕೆ ಬಾಯಿರಲಿಲ್ಲ.

ಮಾಮಾ ಎದ್ದು ನಿಂತ. ‘ಸಾಹೇಬ್ರ, ಒಂದೀಟು ಹೊರಗ ಬರ್ರಿ,’ ಎಂದ.

‘ಯಾಕ್ರಿ?’

‘ಬರ್ರಿ ಅಂತೇನಿ.’

ಅವನ ದನಿಯಲ್ಲಿ ಏನೋ ಇತ್ತು. ಅಧಿಕಾರಿ ಎದ್ದರು, ನಾವೂ ಎದ್ದೆವು. ಕಚೇರಿಯ ಅಂಗಳದಲ್ಲಿ ಕಾವಲುಗಾರನ ಕುಟುಂಬ ಸಾಕಿದ ಕೋಳಿಗಳು ಕೆದಕುತ್ತಿದ್ದವು. ನಡುವೆ ಒಂದು ಕೆಂಪು ಹುಂಜ, ತಾನೇ ಇಲ್ಲಿನ ಸಾಹೇಬ ಎನ್ನುವ ಹಾಗೆ ಓಡಾಡುತ್ತಿತ್ತು. ಮಾಮಾ ನಾಯಿಯನ್ನು ಅಂಗಳದ ನಡುವೆ ನಿಲ್ಲಿಸಿ, ಬಗ್ಗಿ, ಕೊರಳಿನಿಂದ ಹಗ್ಗವನ್ನು ಪೂರ್ತಿ ಕಳಚಿ, ನನ್ನ ಕಡೆ ಎಸೆದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತ.

‘ಅಯ್ಯಯ್ಯ, ನನ್ನ ಕೋಳಿ!’ ಎಂದು ಕಾವಲುಗಾರನ ಹೆಂಡತಿ ಬಾಗಿಲಿನಿಂದ ಕೂಗಿದಳು.

ಆ ಕೂಗಿಗೆ ಕೋಳಿಗಳು ಬೆದರಿ ದಿಕ್ಕಾಪಾಲಾಗಿ ಓಡಿದವು. ಓಡುವುದನ್ನು ಕಂಡರೆ ಬೆನ್ನು ಹತ್ತುವುದು ಆ ಜಾತಿಯ ರಕ್ತದಲ್ಲೇ ಇದೆ. ನಾಯಿಯ ಕಿವಿ ನಿಮಿರಿದವು. ಮೂತಿಯಿಂದ ಬಾಲದ ತುದಿಯವರೆಗೆ ಥರಥರ ನಡುಗತೊಡಗಿತು. ಮುಂಗಾಲು ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿತು. ಅತ್ತಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಕೆಂಪು ಹುಂಜ ಅದರ ಮೂಗಿನ ಮುಂದೆಯೇ ರೆಕ್ಕೆ ಬಡಿದು ಹಾದುಹೋಯಿತು. ನಾಯಿ ಹೆಜ್ಜೆ ಕೀಳಲಿಲ್ಲ. ಕತ್ತು ತಿರುಗಿಸಿ ಮಾಮಾನ ಕಡೆ ನೋಡಿತು. ಅವನ ಮುಖ ನೋಡಲಿಲ್ಲ; ಬಲಗೈ ಇರಬೇಕಾದ ಜಾಗವನ್ನು ನೋಡಿತು. ಕೈ ಕಾಣದೆ, ಎತ್ತಿದ ಕಾಲು ಕೆಳಗಿಟ್ಟು, ಕುಂಯ್ ಎಂದಿತು.

‘ನೋಡಿದ್ರಿಲ್ಲೊ ಸಾಹೇಬ್ರ?’ ಎಂದ ಮಾಮಾ. ‘ಹಗ್ಗಾ ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ. ನಾ ಈ ಕೈ ಬೀಸದ ಹೊರತು ಈಕಿ ಒಂದ ಹೆಜ್ಜಿ ಇಡಾಕಿ ಅಲ್ಲ. ಅವತ್ತ ಹಗ್ಗಾ ಬಿಚ್ಚಿ, ಗುಡ್ಡದ ಕಡೆ ಕೈ ಬೀಸಿ, ಅವರ ಜೋಡಿ ಹೋಗು ಅಂದಾಂವ ನಾನ. ಕಾಯ್ದೆ ನಾಯಿಗೆ ಗೊತ್ತಿರಲಿಲ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚೇನಿ.’

‘ಯಾಕ ಬಿಚ್ಚಿದ್ರಿ ಕಾಕಾರ?’

‘ಒಂದ ತೆಂಗಿನಕಾಯಿ ಸಲುವಾಗಿ ರೀ. ಹಲಗಿ ಬಡಕೋತ ಮನಿಗೆ ಬರ್ತಾರಲ್ಲ, ರುಮಾಲ ಸುತ್ತತಾರಲ್ಲ, ಅದರ ಸಲುವಾಗಿ. ಮೊಲಾ ಸತ್ತದ್ದು ನನ್ನ ಬಡಾಯಿಗೆ. ನನ್ನ ಹೆಸರ ಮೊದಲ ಬರಕೋರಿ. ಉಳಿದವ್ರೆಲ್ಲ ಬರೇ ಬರೇ ಅಂದಾರ, ಅವರ ಇಚ್ಛಾ. ನಾ ಅನ್ನಾಂಗಿಲ್ಲ.’

ಇಷ್ಟು ವರ್ಷ ಕೋರ್ಟಿನಲ್ಲಿ ಕಾದಿದ್ದ ಮಾತು ನನಗೆ ಅಂಥ ಜಾಗದಲ್ಲಿ, ಕೋಳಿಗಳ ನಡುವೆ, ನನ್ನ ಮಾಮಾನ ಬಾಯಿಂದಲೇ ಸಿಕ್ಕಿತು. ವಕೀಲಳಾಗಿ ನಾನು ಅವನ ಬಾಯಿ ಮುಚ್ಚಿಸಬೇಕಿತ್ತು. ನನಗೆ ಅವನ ಕಾಲು ಮುಟ್ಟಬೇಕೆನಿಸಿತು. ಕಣ್ಣು ತುಂಬಿಬಂದು ಮುಖ ತಿರುಗಿಸಿದೆ.

ಅಧಿಕಾರಿ ನಾಯಿಯ ಹತ್ತಿರ ಹೋಗಿ ಕೂತು ಅದರ ತಲೆ ಸವರಿದರು. ‘ಹಂಗಾರ ಒಮ್ಮಿ ಕೈ ಬೀಸ್ರಿ ಕಾಕಾರ, ಹೆಂಗ ಓಡ್ತೈತಿ ನೋಡೋಣು,’ ಎಂದು ನಗುತ್ತ ಕೆಣಕಿದರು.

‘ಬೀಸಾಂಗಿಲ್ರಿ! ಹುಂಜ ಹೋದ್ರ ಮತ್ತ ನಾನ ಆರೋಪಿ. ನೀವು ಬೀಸು ಅಂದದ್ದಕ್ಕ ನೀವೂ ಆರೋಪಿ.’

ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಾವಲುಗಾರನ ಹೆಂಡತಿಯಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹತ್ತಾರು ಸಲ ಕಕ್ಷಿದಾರರಿಗೆ ಕುಮ್ಮಕ್ಕಿನ ಅರ್ಥ ಹೇಳಿದ್ದೇನೆ. ಮಾಮಾನಷ್ಟು ಚುಟುಕಾಗಿ ಹೇಳಲು ನನಗೆ ಬಂದಿಲ್ಲ.

ಕೊನೆಗೆ ಮಾಮಾ ಹೇಳಿದಂತೆಯೇ ಆಯಿತು, ಹೇಳಿಕೆಯಲ್ಲಿ ಅವನ ಹೆಸರೇ ಮೊದಲು. ಅದನ್ನು ಕೇಳಿ ಬೇಟೆಗೆ ಹೋದವರಿಗೂ ನಾಚಿಕೆಯಾಗಿ ಒಬ್ಬೊಬ್ಬರೇ ಬಂದು ತಮ್ಮ ಕೆಲಸ ಒಪ್ಪಿಕೊಂಡರು. ದಂಡ ಕಟ್ಟಿ, ಇನ್ನೊಮ್ಮೆ ಸಿಕ್ಕರೆ ಜೈಲು ಎಂಬ ಎಚ್ಚರಿಕೆ ಕೇಳಿಸಿಕೊಂಡು ಎಲ್ಲರೂ ಮನೆಗೆ ಹೋದರು. ನಾಯಿಯನ್ನು ಯಜಮಾನನ ಮಾತು ಮೀರದ ಪ್ರಾಣಿ ಎಂದು ಮಾಮಾನಿಗೇ ಬಿಟ್ಟುಕೊಟ್ಟರು. ಕತ್ತರಿಸಿದ ಹಗ್ಗವನ್ನು ಅಧಿಕಾರಿ ಯಾರಿಗೂ ಕಾಣದ ಹಾಗೆ ಅತ್ತಿಯ ಚೀಲಕ್ಕೆ ವಾಪಸು ಹಾಕಿ, ‘ಅವ್ವಾರ, ಕುಡುಗೋಲ ಕಬ್ಬಿಗೆ ಇರ್ಲಿ,’ ಎಂದಷ್ಟೇ ಅಂದರು. ಅತ್ತಿ ಕಾರು ಹತ್ತುವವರೆಗೂ ತಲೆಯೆತ್ತಲಿಲ್ಲ. ಹತ್ತಿದ ಮೇಲೆ ಮಾಮಾನಿಗೆ ‘ನಿಮ್ಮನ್ನ ಬಡಾಯಿಗಾರ ಅಂದದ್ದು ಸುಳ್ಳಲ್ಲ ಬಿಡ್ರಿ’ ಎಂದಳು. ಮಾಮಾ ಆ ದಿನ ಮೊದಲ ಸಲ ನಕ್ಕ.

ಮುಂದಿನ ಯುಗಾದಿಗೆ ನಾನು ಬೆಳಗಲಿಗೇ ಹೋಗಿದ್ದೆ. ಬೇವು ಬೆಲ್ಲ, ಹೋಳಿಗೆ ಎಲ್ಲ ಮುಗಿದು, ಮರುದಿನ ಕರಿ. ಊಟ ಮಾಡಿ ಕಟ್ಟೆಯ ಮೇಲೆ ಕೂತಿದ್ದಾಗ ದೂರದಲ್ಲಿ ಹಲಗೆ ಕೇಳಿತು. ನಮ್ಮೂರವರಲ್ಲ, ನಡೆದದ್ದು ತಿಳಿಯದ ಬೇರೆ ಊರಿನವರು. ನಾಯಿಯ ಹೆಸರು ಕೇಳಿಕೊಂಡು ನೇರ ನಮ್ಮ ಮನೆಯ ಮುಂದೆ ಬಂದು ನಿಂತರು.

‘ಕಾಕಾರ, ನಿಮ್ಮ ನಾಯಿ ಹೆಸರ ಭಾಳ ಕೇಳೇವ್ರಿ. ವಿಡಿಯೊದಾಗ ನೋಡೇವಿ. ಅಂಥಾ ನಾಯಿ ಈ ಸೀಮಿನ್ಯಾಗ ಇಲ್ಲ. ಈ ಸಲ ಬೆಳ್ಳಿ ಗೆಜ್ಜಿ ತಂದೇವ್ರಿ ಆಕಿ ಕಾಲಿಗೆ. ಬರೇ ಹಗ್ಗಾ ಬಿಚ್ರಿ ಸಾಕು.’

ಮಾಮಾನ ಮುಖ ಒಮ್ಮೆ ಅರಳಿದ್ದನ್ನು ನಾನು ಕಂಡೆ. ಸೀಮೆಯಲ್ಲೇ ಇಲ್ಲ ಎಂದರೆ ಯಾರಿಗೆ ಹಿತವಾಗುವುದಿಲ್ಲ? ಹಲಗೆಯ ಸದ್ದಿಗೆ ನಾಯಿ ಎದ್ದು ನಿಂತು ನಡುಗುತ್ತಿತ್ತು, ಕಣ್ಣು ಮಾಮಾನ ಬಲಗೈ ಮೇಲೆ. 

ಮಾಮಾ ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತುಕೊಂಡ.

‘ಗೆಜ್ಜಿ ತಗೊಂಡ ಹೋಗ್ರಪಾ. ಹಗ್ಗಾ ಬಿಚ್ಚವ್ರು ಈ ಮನ್ಯಾಗ ಯಾರೂ ಇಲ್ಲ. ನೀವೂ ಮನಿಗೆ ಹೋಗ್ರಿ, ಹೋಳಿಗಿ ಉಣ್ರಿ.’

ಅವರು ಬಹಳ ಹೊತ್ತು ಬೇಡಿಕೊಂಡರು, ರೇಗಿಸಿದರು, ನಾಯಿಗೆ ವಯಸ್ಸಾಯಿತೇನೋ ಎಂದು ಚುಚ್ಚಿದರು. ಆ ಮಾತಿಗೆ ಮಾಮಾನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಆದರೂ ಬಾಯಿ ಬಿಡಲಿಲ್ಲ. ಕೊನೆಗೆ ಬೇಸತ್ತು ಹಲಗೆ ಬಡಿಯುತ್ತ ಹೊರಟುಹೋದರು. ನಾಯಿ ಮಾಮಾನ ಕೈ ಹುಡುಕಿ ಹುಡುಕಿ, ಸಿಗದೆ, ಅವನ ಪಾದದ ಮೇಲೆ ಗದ್ದ ಊರಿ ಮಲಗಿತು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತಿ ಹೊರಗೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಎಲೆ ಅಡಿಕೆ. ತೋಳ ಮೇಲೆ ಮಾಮಾನ ಹಳೆಯ ರುಮಾಲು. ಅದನ್ನು ತಾನೇ ಅವನ ತಲೆಗೆ ಸೊಟ್ಟಗೆ ಸುತ್ತಿ, ತಟ್ಟೆ ಮುಂದೆ ಹಿಡಿದಳು.

‘ಹಿಡೀರಿ. ಈ ವರ್ಸದ ಪಾಲು.’

ಮಾಮಾ ಅವಳ ಮುಖ ನೋಡಿದ, ತೆಂಗಿನಕಾಯಿ ನೋಡಿದ. ಕೈ ಮಾತ್ರ ತೊಡೆಯ ಕೆಳಗಿನಿಂದ ಹೊರಗೆ ತೆಗೆಯಲಿಲ್ಲ.

‘ಒಂದೀಟು ತಡಿ,’ ಎಂದ. ‘ಹಲಗಿ ಸಪ್ಪಳ ಇನ್ನೂ ಕೇಳಾಕತ್ತೈತಿ.’